ಹೆಬ್ಬೆರಳು ಬಿಟ್ಟ ಕೈಗವಸು

ಬಾಯ್ಲರುಗಳಿಗೆ ಹಿತ್ತಾಳೆ ವಾಲ್ವ್ ಮಾಡುವ ಆ ಕಾರ್ಖಾನೆಯಲ್ಲಿ ತಪಾಸಣೆಯ ಮೇಜುಗಳು ಎರಡು. ಮೊದಲನೆಯದರಲ್ಲಿ ಮೇಷ್ಟ್ರು ಕೂರುತ್ತಿದ್ದರು, ಎರಡನೆಯದರಲ್ಲಿ ಎಡಚ. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷಗಳಲ್ಲಿ ಆ ಮೇಜುಗಳಿಗೆ ಬಂದ ಪ್ರತಿಯೊಬ್ಬರಿಗೂ ಕೆಲಸ ಕಲಿಸಿದ್ದರಿಂದ ಆ ಹೆಸರು ಬಿದ್ದಿತ್ತು. ಎಡಚನಿಗೆ ಎಲ್ಲ ಕೆಲಸಕ್ಕೂ ಎಡಗೈಯೇ ಮುಂದೆ; ಅವನ ಹೆಸರಿಗೆ ಬೇರೆ ಕಾರಣ ಬೇಕಿರಲಿಲ್ಲ.

ಕೆಲಸ ಹೀಗೆ. ವಾಲ್ವಿನ ಬಾಯಿ ಹೆಬ್ಬೆರಳು ಇಳಿಯುವಷ್ಟು ಅಗಲ. ಒಳಗೆ ಮುಚ್ಚಳ ಕೂರುವ ಚಪ್ಪಟೆ ಉಂಗುರಕ್ಕೆ ಸೀಟು ಎನ್ನುತ್ತಾರೆ. ಸೀಟಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಅಲ್ಲಿಂದ ಹಬೆ ಸೋರುತ್ತದೆ. ಹೊಸ ಹಿತ್ತಾಳೆ ಹೊಳೆಯುವುದರಿಂದ ಗೀರು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಮೇಷ್ಟ್ರು ಬಲಗೈ ಹೆಬ್ಬೆರಳಿನ ಉಗುರನ್ನು ಸೀಟಿನ ಸುತ್ತ ಒಮ್ಮೆ ಆಡಿಸುತ್ತಿದ್ದರು. ಒಂದು ಸೆಕೆಂಡಿನ ಕೆಲಸ. ಉಗುರು ತಡೆದರೆ ವಾಲ್ವ್ ಕೆಂಪು ಪೆಟ್ಟಿಗೆಗೆ, ತಡೆಯದಿದ್ದರೆ ಟ್ರೇಗೆ. ಒಂದು ಟ್ರೇಗೆ ನಲವತ್ತು, ದಿನಕ್ಕೆ ಆರು ಟ್ರೇ. ತುಂಬಿದ ಟ್ರೇ ಎಡಚನ ಮೇಜಿಗೆ ಬರುತ್ತಿತ್ತು. ಅವನು ಪ್ರತಿ ವಾಲ್ವಿನ ಬಾಯಿಗೆ ಪ್ಲಾಸ್ಟಿಕ್ ಬಿರಡೆ ಹಾಕಿ, ಟ್ರೇಯ ನಂಬರ್ ಒತ್ತಿ, ಪ್ಯಾಕಿಂಗ್‌ಗೆ ಕಳಿಸುತ್ತಿದ್ದ.

ಹಳೆಯ ಮಾಲೀಕರ ಕಾಲದಲ್ಲಿ ತಪ್ಪಿಗೆ ಒಂದು ಕ್ರಮವಿತ್ತು. ಮಾಲು ವಾಪಸ್ ಬಂದರೆ, ಅದು ಯಾರ ಕೈಯಿಂದ ಹೋಗಿತ್ತೋ ಅವರು ಎರಡು ಸಾಲಿನ ರಾಜೀನಾಮೆ ಬರೆದು ಮಾಲೀಕರ ಮೇಜಿನ ಮೇಲೆ ಇಡಬೇಕು. ಮಾಲೀಕರು ಅದನ್ನು ಓದದೆ ನಾಲ್ಕು ಚೂರು ಮಾಡಿ ಬುಟ್ಟಿಗೆ ಎಸೆದು, "ಕತ್ತೆ, ಇಲ್ಲಿ ನಿಂತ್ಕೊಂಡು ನನ್ನ ಮುಖ ಏನು ನೋಡ್ತೀಯ, ಹೋಗಿ ಕೆಲಸ ನೋಡ್ಕೋ" ಎಂದು ಬೈಯುತ್ತಿದ್ದರು. ಆಮೇಲೆ ಆ ವಿಷಯ ಯಾರೂ ಎತ್ತುತ್ತಿರಲಿಲ್ಲ. ಮೇಷ್ಟ್ರೇ ಅಂಥ ಕಾಗದ ಮೂರು ಸಲ ಕೊಟ್ಟಿದ್ದರು. "ನನ್ನ ಕೈಬರಹ ಇಡೀ ಕಾರ್ಖಾನೇಲಿ ಆ ಬುಟ್ಟಿಗೊಂದಕ್ಕೇ ಗೊತ್ತು" ಎಂದು ನಗುತ್ತಿದ್ದರು.

ಮಾಲೀಕರು ತೀರಿಹೋದ ಮೇಲೆ ಮಕ್ಕಳು ಕಾರ್ಖಾನೆಯನ್ನು ಹೊರದೇಶದ ಕಂಪನಿಯೊಂದಕ್ಕೆ ಮಾರಿದರು. ಕಂಪನಿ ಕಳಿಸಿದ ಮ್ಯಾನೇಜರನ್ನು ಎಲ್ಲರೂ ಸಾಹೇಬರು ಎಂದರು. ಅವರು ಬರುವ ಮೊದಲೇ ಪುಸ್ತಕ ಇಟ್ಟುಕೊಂಡು ಇಲ್ಲಿನ ಭಾಷೆ ಕಲಿತಿದ್ದರು. ಹಾಗಾಗಿ ಪುಸ್ತಕದ ಹಾಗೆಯೇ ಮಾತಾಡುತ್ತಿದ್ದರು. ಕಸ ಗುಡಿಸುವವಳಿಗೂ "ನೀವು ದಯವಿಟ್ಟು ಈ ಕಡೆಯಿಂದ ಆರಂಭಿಸುತ್ತೀರಾ?" ಎನ್ನುತ್ತಿದ್ದರು.

"ಸಾಹೇಬ್ರು ಬಂದ್ರೆ ರೇಡಿಯೋ ವಾರ್ತೆ ಹಾಕಿದ ಹಾಗಾಗುತ್ತೆ" ಎಂದಳು ಪ್ಯಾಕಿಂಗ್ ಅಕ್ಕ. ಡಬ್ಬಗಳಿಗೆ ಟೇಪು ಹಚ್ಚುತ್ತಲೇ ಇಡೀ ಶೆಡ್ಡಿನ ಮೇಲೆ ಕಣ್ಣಿಟ್ಟಿರುವ ಹೆಂಗಸು ಅವಳು. "ಬೈಯೋದಾದ್ರೂ ನಮ್ಮ ಥರ ಬೈದಿದ್ರೆ ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗ್ತಿತ್ತು."

ಸಾಹೇಬರು ಬೈಯುತ್ತಿರಲಿಲ್ಲ. ಬೈಗುಳದ ಜಾಗದಲ್ಲಿ ಗೋಡೆಗೆ ಒಂದು ಪೆಟ್ಟಿಗೆ, ಅದರ ಪಕ್ಕದಲ್ಲಿ ಹಳದಿ ಚೀಟಿಗಳ ಕಟ್ಟು ತೂಗುಹಾಕಿದರು. ಕೆಲಸದಲ್ಲಿ ತಪ್ಪು ಕಂಡರೆ, ತೊಂದರೆಯಾದರೆ, ಯಾರು ಬೇಕಾದರೂ ಬರೆದು ಹಾಕಬಹುದು. ಹೆಸರು ಬರೆಯಲೇಬೇಕೆಂದಿಲ್ಲ. ಯಾರಿಗೂ ಶಿಕ್ಷೆಯಿಲ್ಲ.

ಒಂದು ತಿಂಗಳು ಕಳೆದರೂ ಪೆಟ್ಟಿಗೆ ಖಾಲಿ. ಸಾಹೇಬರು ಎಲ್ಲರನ್ನೂ ಸೇರಿಸಿ ಪೆಟ್ಟಿಗೆಯನ್ನು ತಲೆಕೆಳಗೆ ಹಿಡಿದು ತೋರಿಸಿದರು. "ತಪ್ಪೇ ನಡೆಯದ ಸ್ಥಳದಲ್ಲಿ ನಾನು ಎಂದೂ ಕೆಲಸ ಮಾಡಿಲ್ಲ. ನನಗೆ ಭಯವಾಗುತ್ತಿದೆ" ಎಂದರು. ಅವರು ಹೊರಗೆ ಹೋಗುವವರೆಗೆ ಎಲ್ಲರೂ ನಗು ತಡೆದುಕೊಂಡರು.

ಮರುದಿನ ಸೂಪರ್‌ವೈಸರ್ ವಾರಕ್ಕೆ ತಲೆಗೆ ಎರಡು ಚೀಟಿ ಎಂದು ಹುಕುಂ ಮಾಡಿದ. ಜನ ಬರೆದರು: ಕಕ್ಕಸಿನ ನಲ್ಲಿ ತೊಟ್ಟಿಕ್ಕುತ್ತದೆ, ನಾಲ್ಕನೇ ಫ್ಯಾನು ಕಿರುಗುಟ್ಟುತ್ತದೆ, ಊಟದ ಕೋಣೆಯ ಬೆಂಚಿಗೆ ಒಂದು ಕಾಲು ಗಿಡ್ಡ. ಎರಡು ಮೂರು ದಿನಗಳಲ್ಲಿ ನಲ್ಲಿ ನಿಂತಿತು, ಬೆಂಚು ನೇರವಾಯಿತು. ಫ್ಯಾನಿಗೆ ಎಣ್ಣೆ ಹಾಕಲು ಸಾಹೇಬರೇ ಏಣಿ ಹತ್ತಿದರು. ಆದರೂ ಕೆಲಸದ ಬಗ್ಗೆ ಒಬ್ಬರೂ ಬರೆಯಲಿಲ್ಲ. ಇನ್ನೊಬ್ಬರ ಕೆಲಸದ ಬಗ್ಗೆ ಬರೆದರೆ ಚಾಡಿ, ತನ್ನ ಕೆಲಸದ ಬಗ್ಗೆ ಬರೆದರೆ ಕೈಲಾಗದವನ ಗೋಳು. ಶೆಡ್ಡಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಾಹೇಬರಿಗೆ ಹೇಳಬೇಕಿತ್ತು. ಯಾರೂ ಹೇಳಲಿಲ್ಲ.

ಎರಡನೇ ವರ್ಷ ಕೈಗವಸು ಬಂತು. ಬೆವರಿನ ಕೈ ತಾಗಿ ಹಿತ್ತಾಳೆ ಕಲೆಯಾಗುತ್ತದೆ ಎಂದು ಖರೀದಿದಾರರು ದೂರಿದ್ದರು. ಒಂದು ಸೋಮವಾರದಿಂದ ತಪಾಸಣೆಯವರೆಲ್ಲ ರಬ್ಬರು ಲೇಪಿಸಿದ ಬಟ್ಟೆಯ ಕೈಗವಸು ಹಾಕಿಕೊಳ್ಳಬೇಕು, ಸೀಟನ್ನು ದೀಪವಿರುವ ಭೂತಗನ್ನಡಿಯಲ್ಲಿ ನೋಡಬೇಕು ಎಂದಾಯಿತು. ಮೇಷ್ಟ್ರೂ ಹಾಕಿಕೊಂಡರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಎಡಚನೊಬ್ಬನಿಗೆ ಕೇಳುವಂತೆ, "ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಗಿದೆ ಕಣೋ" ಎಂದರು. ಆಗ ಅವರಿಗೆ ಐವತ್ತಾರು. ಬಲಗಣ್ಣಿಗೆ ಮಸುಕು ಕವಿಯತೊಡಗಿ ಒಂದು ವರ್ಷವಾಗಿತ್ತು. ಅದು ಅವರ ಹೆಂಡತಿಗೆ ಗೊತ್ತಿತ್ತು, ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದೇ ದಿನ ಊಟದ ನಂತರ ಎಡಚ ಬಿರಡೆ ಹಾಕುತ್ತಿದ್ದಾಗ ಕೈಗವಸು ಹರಿಯಿತು. ಹರಿದ ಜಾಗದಿಂದ ಅವನ ಉಗುರು ಸೀಟಿಗೆ ತಾಗಿ ತಡೆಯಿತು. ಮೇಷ್ಟ್ರು ಪಾಸು ಮಾಡಿದ ವಾಲ್ವ್. ಮತ್ತೆ ಆಡಿಸಿದ. ಮತ್ತೆ ತಡೆಯಿತು. ಮೇಷ್ಟ್ರು ನೀರು ಕುಡಿಯಲು ಎದ್ದಾಗ ಅದನ್ನು ಅವರ ಕೆಂಪು ಪೆಟ್ಟಿಗೆಯೊಳಗೆ ಹಾಕಿದ. ಮರುದಿನ ಬೇಕೆಂದೇ ಎಡಗೈಯ ಕೈಗವಸು ತೆಗೆದು ಮೇಜಿನ ಮರೆಯಲ್ಲಿ ಆರೂ ಟ್ರೇ ನೋಡಿದ. ನಾಲ್ಕು ಸಿಕ್ಕವು.

ಅಲ್ಲಿಂದ ಏಳು ತಿಂಗಳು ಹಾಗೆಯೇ ನಡೆಯಿತು. ಪಾಸಾದ ಟ್ರೇಯಿಂದ ಇನ್ನೊಬ್ಬರು ವಾಲ್ವ್ ತೆಗೆಯುವುದು, ಕೈಗವಸಿಲ್ಲದೆ ಮುಟ್ಟುವುದು, ಎರಡೂ ಕೆಲಸ ಹೋಗುವಂಥ ತಪ್ಪುಗಳು. ಮೇಷ್ಟ್ರು ದಿನಕ್ಕೆ ಮೂರು ಹಿಡಿದರೆ ಎಡಚ ನಾಲ್ಕು ಹಿಡಿಯುತ್ತಿದ್ದ. ಸಂಜೆ ಸೂಪರ್‌ವೈಸರ್ ಕೆಂಪು ಪೆಟ್ಟಿಗೆ ಎಣಿಸಿದಾಗ ಏಳು. ಕೈಗವಸು ಬರುವ ಮೊದಲೂ ಸರಾಸರಿ ಏಳೇ ಇತ್ತು. ಸಾಹೇಬರು ಆ ಲೆಕ್ಕದ ರೇಖಾಚಿತ್ರವನ್ನು ಗೋಡೆಗೆ ಅಂಟಿಸಿ, "ನೋಡಿ, ಕೈಗವಸಿನಿಂದ ಗುಣಮಟ್ಟಕ್ಕೆ ಯಾವ ತೊಂದರೆಯೂ ಆಗಿಲ್ಲ" ಎಂದು ಮೇಷ್ಟ್ರ ಕೈ ಕುಲುಕಿದರು. ಗೆರೆ ಹಾಸುಗಲ್ಲಿನಷ್ಟು ಮಟ್ಟಸವಾಗಿತ್ತು.

ಶನಿವಾರ ಕೈಗವಸುಗಳನ್ನು ತೊಳೆಯಲು ಒಟ್ಟುಮಾಡುತ್ತಿದ್ದವಳು ಪ್ಯಾಕಿಂಗ್ ಅಕ್ಕ. "ಏನೋ ಎಡಚ, ಮಾಡೋದೆಲ್ಲ ಎಡಗೈಲಿ, ಕೊಳೆ ಆಗೋದು ಮಾತ್ರ ಬಲಗೈ ಗ್ಲೌಸು. ಎಡಗೈಗೆ ರಜೆ ಕೊಟ್ಟಿದ್ದೀಯಾ?"

"ಎಡಗೈ ಶುದ್ಧ ಅಕ್ಕ, ಅದಕ್ಕೆ."

"ಶುದ್ಧವೋ, ಕಳ್ಳವೋ" ಎಂದು ಅವಳು ಕೈಗವಸನ್ನು ಉಳಿದವುಗಳ ನಡುವೆ ತುರುಕಿದಳು.

ಎಡಚ ಒಂದು ಸಲ ಹಳದಿ ಚೀಟಿ ತೆಗೆದುಕೊಂಡಿದ್ದ. 'ಕೈಗವಸಿನಲ್ಲಿ ಸೀಟಿನ ಗೀರು ತಿಳಿಯುವುದಿಲ್ಲ' ಎಂದು ಬರೆದೂ ಬರೆದ. ಹಾಗಾದರೆ ದಿನಕ್ಕೆ ಏಳು ಹೇಗೆ ಸಿಗುತ್ತಿವೆ ಎಂದು ಸಾಹೇಬರು ಕೇಳುತ್ತಾರೆ, ಆಗ ಎಲ್ಲರ ಕಣ್ಣೂ ಮೇಷ್ಟ್ರ ಕಣ್ಣಿನ ಮೇಲೆ ಬೀಳುತ್ತದೆ ಅನ್ನಿಸಿತು. ಚೀಟಿಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟ. ಅದು ಅಂಗಿಯ ಜೊತೆ ಒಗೆದುಹೋಯಿತು.

ಕೈಗವಸು ಬಂದ ಎಂಟನೇ ತಿಂಗಳಲ್ಲಿ ಅವನ ತಂಗಿಗೆ ಹೆರಿಗೆಯಾಯಿತು. ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬರಲು ಮೂರು ದಿನ ರಜೆ ಬೇಕಾಯಿತು. ಬಿರಡೆ ಹಾಕುವ ಕೆಲಸಕ್ಕೆ ಆ ಮೂರು ದಿನ ಪ್ಯಾಕಿಂಗ್ ಅಕ್ಕ ಕೂರುವುದೆಂದಾಯಿತು. ಅವಳ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಸಾಕಿತ್ತು. ಮೇಷ್ಟ್ರ ವಿಷಯವನ್ನು ಮೂರನೆಯವರ ಬಾಯಿಗೆ ಹಾಕಲು ಎಡಚನಿಗೆ ಮನಸ್ಸು ಬರಲಿಲ್ಲ. ಹೊರಡುವ ಹಿಂದಿನ ದಿನ ಅವರಿಗೇ ಹೇಳಿದ:

"ಮೇಷ್ಟ್ರೇ, ಈ ಮೂರು ದಿನ ಸ್ವಲ್ಪ ನಿಧಾನಕ್ಕೆ ನೋಡಿ."

"ಏನೋ, ನನಗೇ ಪಾಠವಾ?" ಎಂದು ಮೇಷ್ಟ್ರು ನಕ್ಕರು. ನಗು ಮುಗಿದ ಮೇಲೂ ಅವನ ಮುಖವನ್ನೇ ನೋಡುತ್ತಿದ್ದರು. ಎಡಚ ಡಬ್ಬಿಯ ಚೀಲ ಹುಡುಕುವವನಂತೆ ಬಗ್ಗಿದ.

ಐದು ವಾರಗಳ ನಂತರ ಹನ್ನೊಂದು ವಾಲ್ವ್ ವಾಪಸ್ ಬಂದವು. ಖರೀದಿದಾರರ ಪರೀಕ್ಷೆಯಲ್ಲಿ ಹಬೆ ಸೋರಿತ್ತು. ಅದೃಷ್ಟಕ್ಕೆ ಯಾರಿಗೂ ಸುಟ್ಟಿರಲಿಲ್ಲ. ಟ್ರೇ ನಂಬರುಗಳಿಂದ ದಿನಾಂಕ ಸಿಕ್ಕಿತು: ಎಲ್ಲ ಹನ್ನೊಂದೂ ಆ ಮೂರು ದಿನಗಳವೇ.

ಸಾಹೇಬರು ಮೇಷ್ಟ್ರು, ಎಡಚ, ಪ್ಯಾಕಿಂಗ್ ಅಕ್ಕ, ಸೂಪರ್‌ವೈಸರ್ ನಾಲ್ವರನ್ನೂ ಮೇಲಿನ ಕೋಣೆಗೆ ಕರೆದರು. ಬಿಳಿ ಹಲಗೆಯ ಮೇಲೆ 'ಏಕೆ?' ಎಂದು ಐದು ಸಲ, ಒಂದರ ಕೆಳಗೊಂದು ಬರೆದಿದ್ದರು. ಅದು ಅವರ ಕಂಪನಿಯ ಪದ್ಧತಿ. ಐದು ಸಲ ಏಕೆ ಎಂದು ಕೇಳಿದರೆ ತಪ್ಪಿನ ಬೇರು ಸಿಗುತ್ತದೆ ಎಂದು ಅವರ ನಂಬಿಕೆ. "ಯಾರು ಎಂದು ನಾನು ಕೇಳುತ್ತಿಲ್ಲ" ಎಂದರು. "ಏಳು ತಿಂಗಳು ದಿನಕ್ಕೆ ಏಳು ಕೆಟ್ಟ ತುಂಡುಗಳು ಸಿಕ್ಕಿವೆ. ಈ ಮೂರು ದಿನ ಮೂರು, ಎರಡು, ಮೂರು. ಏಕೆ?"

ಮೇಷ್ಟ್ರು ಎದ್ದು ನಿಂತರು. "ನನ್ನ ಗಮನ ತಪ್ಪಿತ್ತು ಸಾರ್."

ಸಾಹೇಬರು ಮೊದಲ 'ಏಕೆ'ಯ ಮುಂದೆ ಅದನ್ನು ಬರೆದರು. "ಗಮನ ಏಕೆ ತಪ್ಪಿತು?"

"ಮನೆ ಕಡೆ ಸ್ವಲ್ಪ ತೊಂದರೆ ಇತ್ತು."

"ಯಾವ ತೊಂದರೆ? ನಾವು ಸಹಾಯ ಮಾಡಬಹುದೇ?"

ಮೇಷ್ಟ್ರು ತಲೆ ತಗ್ಗಿಸಿದರು. ಅವರ ಮನೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆ ಮೂರು ದಿನಗಳಲ್ಲಿ ಬೇರೆಯಾಗಿದ್ದದ್ದು ಒಂದೇ, ಎರಡನೇ ಮೇಜಿನಲ್ಲಿ ಎಡಚ ಇರಲಿಲ್ಲ ಎಂಬುದು. ರಜೆಯ ಪುಸ್ತಕ ಸೂಪರ್‌ವೈಸರನ ಮುಂದೆಯೇ ಇತ್ತು. ಅವನು ಅದನ್ನು ತೆರೆಯಲಿಲ್ಲ. ಪ್ಯಾಕಿಂಗ್ ಅಕ್ಕ ಎಡಚನ ಎಡಗೈಯನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ಎಡಚ ಬಾಯಿ ಬಿಟ್ಟಿದ್ದರೆ ಅವನ ಕೆಲಸವೂ ಹೋಗಬಹುದಿತ್ತು, ಮೇಷ್ಟ್ರ ಕಣ್ಣಿನ ಮಾತೂ ಹೊರಬೀಳುತ್ತಿತ್ತು. ಎರಡರಲ್ಲಿ ಯಾವುದಕ್ಕೆ ಹೆದರಿ ಸುಮ್ಮನಿದ್ದೆ ಎಂದು ಅವನಿಗೆ ಆಮೇಲೆ ಎಷ್ಟು ಯೋಚಿಸಿದರೂ ಖಚಿತವಾಗಲಿಲ್ಲ.

ಹಲಗೆಯ ಮೇಲೆ ಮೂರನೇ 'ಏಕೆ'ಯಿಂದ ಕೆಳಗೆ ಖಾಲಿ ಉಳಿಯಿತು. "ನನಗೆ ತಿಳಿಸದಿರುವುದನ್ನು ನಾನು ಸರಿಪಡಿಸಲಾರೆ" ಎಂದು ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟು ಹತ್ತಕ್ಕೆ ಮೇಷ್ಟ್ರು ಎಡಚನ ಭುಜ ತಟ್ಟಿದರು. ಕೈಯಲ್ಲಿ ಮಡಚಿದ ಕಾಗದ. "ಬಾರೋ ಜೊತೆಗೆ. ನಾಲ್ಕನೇದು. ಹೊಸ ಬುಟ್ಟಿ ಹೇಗಿದೆ ನೋಡೋಣ."

ಎಡಚನಿಗೂ ಸಮಾಧಾನವಾಯಿತು. ಕಾಗದ ಹೋಗುತ್ತದೆ, ಹರಿಯುತ್ತದೆ, ಅಲ್ಲಿಗೆ ಇದು ಮುಗಿಯುತ್ತದೆ.

ಸಾಹೇಬರು ಕಾಗದವನ್ನು ಬೆರಳಿಟ್ಟುಕೊಂಡು ಎರಡು ಸಲ ಓದಿದರು. ಆಮೇಲೆ ಕುರ್ಚಿಯಿಂದ ಎದ್ದರು.

"ಇದು ನಿಮ್ಮದೇ ನಿರ್ಧಾರವೇ?"

"ಹೌದು ಸಾರ್."

"ಯಾರಾದರೂ ಒತ್ತಾಯ ಮಾಡಿದರೇ?"

"ಇಲ್ಲ ಸಾರ್."

"ನೀವು ಇನ್ನೊಮ್ಮೆ ಯೋಚಿಸಲು ಬಯಸುತ್ತೀರಾ?"

ಹಳೆಯ ಮಾಲೀಕರ ಮುಂದೆ ಅಂಥ ಪ್ರಶ್ನೆಯೇ ಏಳುತ್ತಿರಲಿಲ್ಲ. ತಪ್ಪು ಮಾಡಿ ಕಾಗದ ಕೊಡಲು ಬಂದವನು, ಹೂಂ, ಯೋಚಿಸುತ್ತೇನೆ ಎನ್ನುವುದುಂಟೇ? "ಇಲ್ಲ ಸಾರ್" ಎಂದರು ಮೇಷ್ಟ್ರು.

"ನನಗೆ ದುಃಖವಾಗಿದೆ. ಆದರೆ ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ." ಸಾಹೇಬರು ಕಾಗದದ ಕೆಳಗೆ ಸಹಿ ಹಾಕಿ, ದಿನಾಂಕ ಬರೆದು, ಫೈಲಿನಲ್ಲಿಟ್ಟರು. ಎರಡೂ ಕೈಗಳಿಂದ ಮೇಷ್ಟ್ರ ಕೈ ಹಿಡಿದು ಕುಲುಕಿದರು.

ಮೇಷ್ಟ್ರ ಕಣ್ಣು ಒಮ್ಮೆ ಮೇಜಿನ ಪಕ್ಕದ ಬುಟ್ಟಿಗೆ ಹೋಯಿತು. ಅದರಲ್ಲಿ ಪೆನ್ಸಿಲ್ ಹೆರೆದ ಸಿಪ್ಪೆ ಬಿಟ್ಟರೆ ಏನೂ ಇರಲಿಲ್ಲ. ಬಾಗಿಲಲ್ಲಿ ನಿಂತ ಎಡಚನ ನಾಲಗೆಯ ತುದಿಯಲ್ಲಿ ಒಂದು ವಾಕ್ಯವಿತ್ತು: ಸಾರ್, ಅವರು ಹೋಗೋಕೆ ಬಂದಿಲ್ಲ. ಫೈಲು ಬೀರುವಿನೊಳಗೆ ಹೋಗುವವರೆಗೂ ಅದು ಅಲ್ಲೇ ಇತ್ತು.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಕಂಬಿಯನ್ನು ಹಿಡಿದುಕೊಂಡರು. "ಸಹಿ ಎಷ್ಟು ದುಂಡಗೆ ಮಾಡ್ತಾರೆ ನೋಡಿದ್ಯಾ?" ಎಂದರು. ಕೆಳಗೆ ಬಂದು ಕೈಗವಸು ತೆಗೆದು, ಒಂದರ ಮೇಲೊಂದು ಮಡಚಿ ಮೇಜಿನ ಮೇಲಿಟ್ಟರು. ಅವರು ಗೇಟು ದಾಟುವಾಗ ಒಂಬತ್ತೂ ಆಗಿರಲಿಲ್ಲ.

ಹೊಸಬರು ಸಿಗುವವರೆಗೆ ಎರಡೂ ಮೇಜು ಎಡಚನಿಗೇ ಬಂದವು. ಇಪ್ಪತ್ತು ದಿನ ಮೊದಲಿನಂತೆ ಮರೆಯಲ್ಲಿ ಕೈಗವಸು ತೆಗೆದು ಕೆಲಸ ಮಾಡಿದ. ಇಪ್ಪತ್ತೊಂದನೆಯ ದಿನ ಕೈಗವಸನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟ. ಸೂಪರ್‌ವೈಸರ್ ಓಡಿ ಬಂದ. "ತಲೆ ಕೆಟ್ಟಿದೆಯಾ ನಿನಗೆ? ಸಾಹೇಬ್ರು ನೋಡಿದ್ರೆ?"

"ನೋಡ್ಲಿ ಅಂತಾನೇ" ಎಂದು ಎಡಚ ಎದ್ದು ಹಳದಿ ಚೀಟಿ ತೆಗೆದುಕೊಂಡ. ಹಿಂದೊಮ್ಮೆ ಒಗೆದುಹೋದ ವಾಕ್ಯವನ್ನೇ ಬರೆದು, ಕೆಳಗೆ ತನ್ನ ಹೆಸರು ಹಾಕಿ ಪೆಟ್ಟಿಗೆಗೆ ಬಿಟ್ಟ.

ಅರ್ಧ ಗಂಟೆಯಲ್ಲಿ ಸಾಹೇಬರು ಮೇಲಕ್ಕೆ ಕರೆಸಿದರು. ಈ ಸಲ ಎಡಚ ಎಲ್ಲ ಹೇಳಿದ: ಉಗುರು, ಏಳು ತಿಂಗಳು, ನಾಲ್ಕು ಮತ್ತು ಮೂರು, ತಂಗಿಯ ಹೆರಿಗೆ. ಸಾಹೇಬರು ಕೇಳಿದರು:

"ಅವರು ಕೆಲಸ ಬಿಡಲು ಬಯಸಿರಲಿಲ್ಲವೇ?"

"ಇಲ್ಲ ಸಾರ್."

"ಹಾಗಾದರೆ ಏಕೆ ಬರೆದರು? ನಾನು ಮೂರು ಸಲ ಕೇಳಿದೆ."

ಹಳೆಯ ಮಾಲೀಕರು, ಬುಟ್ಟಿ, ಹರಿದ ಕಾಗದ, ಇವನ್ನೆಲ್ಲ ಎಡಚ ವಿವರಿಸಿದ. ಹೇಳುತ್ತ ಹೋದಂತೆ ಅದು ಅವನ ಕಿವಿಗೇ ಮಕ್ಕಳಾಟದಂತೆ ಕೇಳಿಸಿತು. ತಮ್ಮ ದೇಶದಲ್ಲಿ ಒಬ್ಬ ಮನುಷ್ಯ ಬರೆದು ಕೊಟ್ಟದ್ದನ್ನು ಅವನೆದುರೇ ಹರಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ ಎಂದರು ಸಾಹೇಬರು. ಆಮೇಲೆ ಬೀರುವಿನಿಂದ ಫೈಲು ತಂದರು.

"ಈಗ ಹರಿದರೆ ಆಗುತ್ತದೆಯೇ?"

"ಈಗ ಆಗಲ್ಲ ಸಾರ್. ಅವರ ಎದುರಿಗೆ, ಆವತ್ತೇ ಹರೀಬೇಕಿತ್ತು."

ಸಾಹೇಬರು ತಲೆಯಾಡಿಸಿದರು. ಎಡಚನ ಕೈಗವಸು ಕೇಳಿ ತೆಗೆದುಕೊಂಡು, ಡ್ರಾಯರಿನಿಂದ ಕತ್ತರಿ ತೆಗೆದು ಹೆಬ್ಬೆರಳಿನ ತುದಿಯನ್ನು ಕತ್ತರಿಸಿದರು. "ಇಷ್ಟು ಸಾಕಾಗುತ್ತದೆಯೇ?" ಎಡಚ ಹಾಕಿಕೊಂಡು ನೋಡಿದ. ಉಗುರಷ್ಟೇ ಹೊರಗೆ, ಬೆವರಿನ ಅಂಗೈ ಒಳಗೆ. ಸಾಕಾಗಿತ್ತು. ಅಂಚು ಕಟ್ಟಿಸಿದ ಹೊಸ ಕೈಗವಸನ್ನು ಎರಡನೆಯ ದಿನ ಅವರೇ ಅವನ ಮೇಜಿಗೆ ತಂದರು. "ಅವರನ್ನು ಮರಳಿ ಬರಲು ಕೇಳಿ. ಕಣ್ಣಿನ ವೈದ್ಯರ ವ್ಯವಸ್ಥೆಯನ್ನು ಕಂಪನಿ ಮಾಡುತ್ತದೆ. ನಾನೂ ಬರಲೇ?" ಎಂದರು ಸಾಹೇಬರು. ಅವರು ಬಂದರೆ ಮೇಷ್ಟ್ರು ಮುಜುಗರಕ್ಕೆ ಹೂಂ ಎಂದುಬಿಡುತ್ತಾರೆ, ಆಮೇಲೆ ಬರುವುದಿಲ್ಲ ಎಂದು ಎಡಚ ಒಬ್ಬನೇ ಹೊರಟ.

ಭಾನುವಾರ ಬೆಳಿಗ್ಗೆ. ಮೇಷ್ಟ್ರ ಮನೆ ಎರಡು ಕೋಣೆಯದು. ಮೇಷ್ಟ್ರು ಕಿಟಕಿಯ ಬಳಿ ಕುಳಿತು, ಹಳೆಯ ಡಬ್ಬದಲ್ಲಿ ಕಲೆತುಹೋಗಿದ್ದ ಬೋಲ್ಟುಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತಿದ್ದರು. ತಮ್ಮ ಸ್ವಂತ ಅಕ್ಕನ ಮಗನ ಹಾರ್ಡ್‌ವೇರ್ ಅಂಗಡಿಯಲ್ಲಿ ಈಗ ಕೂರುತ್ತಾರೆ. ಡಬ್ಬದೊಳಗೆ ನೋಡುತ್ತಿರಲಿಲ್ಲ, ಬೆರಳುಗಳೇ ಆರಿಸುತ್ತಿದ್ದವು.

"ಬಾರೋ ಎಡಚ. ಇವಳೇ, ಇವನಿಗೆ ಟೀ ಇಡು."

"ಹೇಗಿದ್ದೀರಿ ಅಮ್ಮ?" ಎಂದ ಎಡಚ.

"ನಾನೇನೋ ಚೆನ್ನಾಗಿದ್ದೀನಪ್ಪ" ಎಂದು ಮೇಷ್ಟ್ರ ಹೆಂಡತಿ ಲೋಟ ತೊಳೆಯುತ್ತ ಹೇಳಿದರು. "ಇವರು ದಿನಾ ಬೆಳಿಗ್ಗೆ ಏಳೂವರೆಗೆ ಚಪ್ಪಲಿ ಹಾಕ್ಕೊಂಡು ನಿಲ್ತಾರೆ. ಅಂಗಡಿ ತೆಗೆಯೋದು ಹತ್ತಕ್ಕೆ."

"ನಿನ್ನನ್ನ ಕೇಳಿದ್ನಾ ಅವನು?" ಎಂದರು ಮೇಷ್ಟ್ರು.

ಎಡಚ ಕೈಗವಸು ಹೊರತೆಗೆದು, ನಡೆದದ್ದನ್ನೆಲ್ಲ ಹೇಳಿದ. ತಾನು ಕದ್ದು ನೋಡುತ್ತಿದ್ದೆ ಎನ್ನುವಾಗ ಅವನ ಮಾತು ತಡವರಿಸಿತು.

"ಅದು ನನಗೆ ಗೊತ್ತಿಲ್ವೇನೋ?" ಎಂದರು ಮೇಷ್ಟ್ರು. "ನಾನು ಹಾಕಿದ್ದು ಮೂರು, ಸಂಜೆ ಪೆಟ್ಟಿಗೇಲಿ ಏಳು. ಮೂರಕ್ಕೂ ಏಳಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ಕಣ್ಣು ಹೋಗಿರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ ಮೇಷ್ಟ್ರೇ?"

"ನೀನ್ಯಾಕೆ ಹೇಳ್ಲಿಲ್ಲ?"

ಟೀ ಬಂತು. ಇಬ್ಬರೂ ಲೋಟ ಹಿಡಿದು ಕುಳಿತರು.

"ಈ ಗ್ಲೌಸು," ಎಂದರು ಮೇಷ್ಟ್ರು, "ಚೀಟಿ ಹಾಕಿ ಎಷ್ಟು ದಿನಕ್ಕೆ ಬಂತು?"

ಎಡಚನಿಗೆ ಸುಳ್ಳು ಹೇಳಬೇಕೆನಿಸಿತು. "ಎರಡು ದಿನಕ್ಕೆ."

"ಎರಡೇ ದಿನಕ್ಕಾ?" ಮೇಷ್ಟ್ರು ಕೈಗವಸನ್ನು ತೆಗೆದುಕೊಂಡು ಹೊರಳಿಸಿದರು. ಅಂಚಿನ ಹೊಲಿಗೆ ಸವರಿದರು. "ನಲ್ಲಿಗೂ ಎರಡೇ ದಿನ ಹಿಡಿದಿತ್ತು ಅಲ್ವಾ? ಆಗಲೇ ಆ ಮನುಷ್ಯನನ್ನ ಅರ್ಥ ಮಾಡ್ಕೋಬೇಕಿತ್ತು ನಾವು."

"ಬನ್ನಿ ಮೇಷ್ಟ್ರೇ. ಸಾಹೇಬ್ರೇ ಕರೀತಿದ್ದಾರೆ. ಕಾಗದ ವಾಪಸ್ ಕೊಡ್ತಾರಂತೆ."

"ಸಹಿ ಆಗಿರೋ ಕಾಗದ ಕಣೋ ಅದು. ಅವರು ಮೂರು ಸಲ ಕೇಳಿದ್ರೂ ನಾನೇ ಹಿಂದೆ ಸರೀಲಿಲ್ಲ. ಈಗ ಹೋಗಿ, ಅದು ಸುಮ್ಮನೆ ಬರೆದಿದ್ದು ಸಾರ್ ಅನ್ನಲಾ? ಹಾಗಂದ್ರೆ ಇನ್ಮೇಲೆ ನಾನು ಪಾಸು ಅಂದಿದ್ದನ್ನೂ ಅವರು ನಂಬಬಾರದು." ಅವರು ಲೋಟ ಕೆಳಗಿಟ್ಟರು. "ಬೇಡ."

ಹಾಗೆನ್ನುತ್ತಲೇ ಕೈಗವಸು ಹಾಕಿಕೊಳ್ಳಲು ಹೋದರು. ಬಲಗೈಗೆ ಅದು ಏರಲಿಲ್ಲ. ಹೆಬ್ಬೆರಳು ಆಚೆ ಕಡೆಗಿತ್ತು. ಸಾಹೇಬರು ಕತ್ತರಿಸಿದ್ದು ಎಡಚನ ಕೈಗವಸು, ಅವನ ಕೈಯದೇ ಅಳತೆ. ಸ್ಟೋರಿನವರು ಹೊಲಿದು ಕೊಟ್ಟದ್ದು ಎಡಗೈಯದೊಂದೇ. ಆರು ಮೈಲಿ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದ ಎಡಚನಿಗೆ ಅದು ಹೊಳೆದೇ ಇರಲಿಲ್ಲ.

ಮೇಷ್ಟ್ರು ಅದನ್ನು ಎಡಗೈಗೆ ಹಾಕಿಕೊಂಡರು. ಖಾಲಿ ಲೋಟದ ಅಂಚಿನ ಸುತ್ತ ಉಗುರು ಆಡಿಸಿದರು. ಒಂದು ಸುತ್ತು, ಇನ್ನೊಂದು ಸುತ್ತು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಈ ಕೈಗೆ ಏನೂ ಗೊತ್ತಾಗಲ್ಲ ಕಣೋ" ಎಂದರು.

"ಬಲಗೈದೂ ಮಾಡಿಸ್ತೀನಿ. ಎರಡು ದಿನ ಅಷ್ಟೇ."

"ಮಾಡಿಸು. ಆ ಕುರ್ಚಿಗೆ ಯಾರಾದ್ರೂ ಬರ್ತಾರಲ್ಲ, ಅವರಿಗೆ ಬೇಕಾಗುತ್ತೆ." ಕೈಗವಸು ತೆಗೆದು, ಎರಡು ಮಡಿಕೆ ಮಾಡಿ, ಎಡಚನ ಅಂಗಿಯ ಜೇಬಿನಲ್ಲಿ ತಾವೇ ಇಟ್ಟರು. "ಒಗೆಯೋಕೆ ಹಾಕೋ ಮುಂಚೆ ಜೇಬು ನೋಡು."

ಚೀಟಿ ಒಗೆದುಹೋದದ್ದನ್ನು ಎಡಚ ಅವರಿಗೆ ಈಗಷ್ಟೇ ಹೇಳಿದ್ದ. ಅವನು ಎದ್ದು ಚಪ್ಪಲಿ ಹುಡುಕಿದ. ಮೇಷ್ಟ್ರು ಮತ್ತೆ ಬೋಲ್ಟಿನ ಡಬ್ಬ ಎಳೆದುಕೊಂಡು, ಕಿಟಕಿಯ ಕಡೆ ಮುಖ ಮಾಡಿ, ಬಲಗೈ ಒಳಗಿಟ್ಟರು.